ಔಷಧ ಬಲ್ಲವರೂ ವ್ಯಸನಕ್ಕೆ ಸಿಲುಕಿದಾಗ

ಬಿ.ಫಾರ್ಮ., ಡಿ.ಫಾರ್ಮ. ಓದುವ ವಿದ್ಯಾರ್ಥಿಗೆ ಗುಳಿಗೆಯ ಗುಣವೂ ಗೊತ್ತು, ಪ್ರಮಾಣವೂ ಗೊತ್ತು. ‘ನಾನು ಬಲ್ಲವನು, ಮಿತಿ ಮೀರಲಾರೆ’ ಎಂಬ ಭರವಸೆಯೇ ಕೆಲವರನ್ನು ವ್ಯಸನದ ಹೊಸ್ತಿಲಿಗೆ ಕರೆದೊಯ್ಯುತ್ತದೆ. ಪರೀಕ್ಷೆಯ ಆತಂಕದಲ್ಲಿ ನಿದ್ರೆಗೆಂದು ಆಲ್ಪ್ರಜೋಲಾಮ್, ಮೈನೋವಿಗೆಂದು ಟ್ರಮಡಾಲ್, ಗೆಳೆಯರ ಕೂಟದಲ್ಲಿ ಮದ್ಯ, ಆರಂಭ ಹೀಗೆ.

ಆದರೆ ದೇಹವು ಓದಿದವರು, ಓದದವರು ಎಂಬ ಭೇದವನ್ನೆಣಿಸದು. ದಿನ ಕಳೆದಂತೆ ಅದೇ ಪರಿಣಾಮಕ್ಕೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಮದ್ಯದೊಡನೆ ಈ ಗುಳಿಗೆಗಳು ಸೇರಿದರೆ ಉಸಿರಾಟ ಕುಗ್ಗಿ ಪ್ರಾಣಾಪಾಯವೂ ಒದಗಬಹುದು. 2018ರಲ್ಲಿ ಟ್ರಮಡಾಲನ್ನು ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತಂದದ್ದು ಅದರ ದುರ್ಬಳಕೆಯ ಕಾರಣದಿಂದಲೇ.

ಮಕ್ಕಳು ಹೀಗೆ ಸಿಲುಕಿರುವುದು ತಿಳಿದಾಗ ಪಾಲಕರು ಗದರಿಸಿ, ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಯತ್ನಿಸಬಾರದು. ಬಹುದಿನಗಳಿಂದ ರೂಢಿಯಾದ ಮದ್ಯವನ್ನಾಗಲಿ ನಿದ್ರೆಗುಳಿಗೆಯನ್ನಾಗಲಿ ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರುವ ಸಂಭವವುಂಟು. ವ್ಯಸನವೂ ಒಂದು ರೋಗ. ವೈದ್ಯರ ಮೇಲ್ವಿಚಾರಣೆಯಲ್ಲಿ ಬಿಡಿಸುವುದೇ ಕ್ಷೇಮ. ಟೆಲಿ-ಮಾನಸ್ 14416 ಹಾಗೂ ವ್ಯಸನಮುಕ್ತಿ ಸಹಾಯವಾಣಿ 14446 ಉಚಿತವಾಗಿ ಮಾರ್ಗದರ್ಶನ ನೀಡುತ್ತವೆ.

ಮರ್ಯಾದೆಗೆ ಅಂಜಿ ಮುಚ್ಚಿಟ್ಟಷ್ಟೂ ಚಿಕಿತ್ಸೆ ತಡವಾಗುತ್ತದೆ. ನಾಳೆ ಊರಿಗೇ ಔಷಧ ನೀಡಬೇಕಾದ ಆ ಮಗುವಿನ ಕೈಯನ್ನು ಇಂದು ಮನೆಯವರು ಬಿಡದೆ ಹಿಡಿಯಲಿ.