ವ್ಯಾಯಾಮದೊಡನೆ ಏಳುವ ಗಂಧೆ ಮತ್ತು ತುರಿಕೆ

ವೇಗದ ನಡಿಗೆ, ಓಟ ಮುಂತಾದ ಶ್ರಮದಿಂದ ಮೈ ಬಿಸಿಯಾದ ಕೆಲವೇ ನಿಮಿಷಗಳಲ್ಲಿ ಕೆಲವರ ಎದೆ, ಬೆನ್ನು ಮತ್ತು ತೋಳುಗಳ ಮೇಲೆ ಕೆಂಪು ಗಂಧೆಗಳೆದ್ದು ತೀವ್ರ ತುರಿಕೆ ಉಂಟಾಗುತ್ತದೆ. ಇದನ್ನು ‘ಪಿತ್ತದ ಗಂಧೆ’ ಎಂದು ಕರೆದು ಸುಮ್ಮನಾಗುವವರು ಹಲವರು. ಆದರೆ ಇಂತಹ ಗಂಧೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು ಪೀಡಿಸಿದರೂ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಇನ್ನೊಂದು ಪ್ರಾಣಕ್ಕೇ ಅಪಾಯ ತರಬಲ್ಲದು. ಇವೆರಡರ ವ್ಯತ್ಯಾಸವನ್ನು ಅರಿತಿರುವುದು ಅಗತ್ಯ.

ಚರ್ಮದಲ್ಲಿರುವ ‘ಮಾಸ್ಟ್’ ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಸೂಸಿದಾಗ ಸೂಕ್ಷ್ಮ ರಕ್ತನಾಳಗಳಿಂದ ದ್ರವವು ಸೋರಿ ಚರ್ಮ ಉಬ್ಬುತ್ತದೆ. ನರಗಳ ತುದಿಗಳು ಕೆರಳಿ ತುರಿಕೆಯುಂಟಾಗುತ್ತದೆ.

ಮೈ ಬಿಸಿಯಾದಾಗ ಏಳುವ ಗಂಧೆ

ಮೊದಲನೆಯದು ‘ಕೋಲಿನರ್ಜಿಕ್ ಅರ್ಟಿಕೇರಿಯಾ’. ಇದು ಹದಿಹರೆಯದವರಲ್ಲಿಯೂ ಯುವಜನರಲ್ಲಿಯೂ ಹೆಚ್ಚು. ಗಂಧೆಗಳು 1ರಿಂದ 3 ಮಿ.ಮೀ.ನಷ್ಟು ಚಿಕ್ಕವಾಗಿರುತ್ತವೆ. ಬಿಸಿನೀರಿನ ಸ್ನಾನ, ಖಾರದ ಊಟ ಮತ್ತು ಮಾನಸಿಕ ಉದ್ವೇಗದಿಂದಲೂ ಇವು ಏಳಬಹುದು. ಮೈ ತಣಿದ ಮೇಲೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಅಡಗುತ್ತವೆ.

ಇದಕ್ಕಾಗಿ ವ್ಯಾಯಾಮವನ್ನೇ ತೊರೆಯಬೇಕಾಗಿಲ್ಲ. ಬೆಳಗಿನ ತಂಪು ಹೊತ್ತಿನಲ್ಲಿ, ಸಡಿಲವಾದ ಹತ್ತಿಯ ಉಡುಪು ಧರಿಸಿ, ಶ್ರಮವನ್ನು ಕ್ರಮೇಣ ಹೆಚ್ಚಿಸುವುದು ಒಳ್ಳೆಯದು. ವೈದ್ಯರ ಸಲಹೆಯಂತೆ ಸೆಟಿರಿಜಿನ್, ಲೊರಾಟಡಿನ್ ಮುಂತಾದ ಹಿಸ್ಟಮಿನ್ ನಿರೋಧಕ ಮಾತ್ರೆಗಳನ್ನು ಸೇವಿಸಬಹುದು. ಸೆಟಿರಿಜಿನ್‌ನಿಂದ ಕೆಲವರಿಗೆ ತೂಕಡಿಕೆ ಬರುವುದರಿಂದ ವಾಹನ ನಡೆಸುವವರು ಎಚ್ಚರದಿಂದಿರಬೇಕು.

ಅಪಾಯದ ಲಕ್ಷಣಗಳು

ಎರಡನೆಯದು ವಿರಳವಾದ ‘ವ್ಯಾಯಾಮಜನ್ಯ ಅನಾಫಿಲ್ಯಾಕ್ಸಿಸ್’. ಇದರಲ್ಲಿ ಗಂಧೆಗಳು ಸಾಮಾನ್ಯವಾಗಿ 10 ಮಿ.ಮೀ.ಗಿಂತ ದೊಡ್ಡವು. ಜೊತೆಗೆ ತುಟಿ ಅಥವಾ ಗಂಟಲಿನ ಊತ, ಉಬ್ಬಸ, ವಾಂತಿ, ತಲೆಸುತ್ತು ಕಾಣಿಸಿಕೊಂಡು ಪ್ರಜ್ಞೆ ತಪ್ಪಬಹುದು. ಕೇವಲ ಬಿಸಿನೀರಿನ ಸ್ನಾನದಿಂದ ಇದು ಬರುವುದಿಲ್ಲ.

ಕೆಲವರಲ್ಲಿ ನಿರ್ದಿಷ್ಟ ಆಹಾರ ಸೇವಿಸಿ ವ್ಯಾಯಾಮ ಮಾಡಿದಾಗ ಮಾತ್ರ ಈ ತೊಂದರೆ ಉಂಟಾಗುತ್ತದೆ. ಅಂತಹ ಆಹಾರಗಳಲ್ಲಿ ಗೋಧಿ ಮತ್ತು ಸೀಗಡಿ ಪ್ರಮುಖವಾದುವು. ಚಪಾತಿಯಷ್ಟೇ ಅಲ್ಲ, ರವೆಯ ಉಪ್ಪಿಟ್ಟು ಮತ್ತು ಮೈದಾದ ಬ್ರೆಡ್ ಸಹ ಗೋಧಿಯವೇ. ಅದೇ ಆಹಾರವನ್ನು ತಿಂದು ವಿಶ್ರಮಿಸಿದಾಗ ಏನೂ ಆಗದಿರುವುದರಿಂದ ಕಾರಣವು ಗಮನಕ್ಕೆ ಬಾರದೆ ಹೋಗುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ಅಪಾಯವನ್ನು ಹೆಚ್ಚಿಸಬಲ್ಲವು. ಆದುದರಿಂದ ತಿಂದ ಆಹಾರ, ನುಂಗಿದ ಔಷಧಿ ಮತ್ತು ಗಂಧೆ ಎದ್ದ ಸಮಯವನ್ನು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಕಾರಣವಾದ ಆಹಾರಕ್ಕೂ ವ್ಯಾಯಾಮಕ್ಕೂ 4ರಿಂದ 6 ಗಂಟೆಗಳ ಅಂತರವಿರಬೇಕು. ಇಂತಹವರು ಒಂಟಿಯಾಗಿ ವ್ಯಾಯಾಮ ಮಾಡಬಾರದು.

ತುರ್ತು ಕ್ರಮ

ಅಪಾಯದ ಲಕ್ಷಣ ಕಂಡೊಡನೆ ವ್ಯಾಯಾಮವನ್ನು ನಿಲ್ಲಿಸಿ, ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾಗಿದ್ದರೆ ಕೂರಿಸಬಹುದು, ನಡೆಸಬಾರದು. 112ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ತೊಡೆಯ ಹೊರಭಾಗದ ಸ್ನಾಯುವಿಗೆ ನೀಡುವ ಅಡ್ರಿನಲಿನ್ ಚುಚ್ಚುಮದ್ದೇ ಇದಕ್ಕೆ ಮುಖ್ಯ ಚಿಕಿತ್ಸೆ. ಮಾತ್ರೆ ನುಂಗಿ ಕಾಯುತ್ತ ಕುಳಿತರೆ ಅಮೂಲ್ಯ ಸಮಯ ನಷ್ಟವಾಗುತ್ತದೆ. ಲಕ್ಷಣಗಳು ಕೆಲವು ಗಂಟೆಗಳ ನಂತರ ಮರುಕಳಿಸಬಹುದಾದ್ದರಿಂದ, ಚೇತರಿಸಿಕೊಂಡ ಮೇಲೂ ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲಿರುವುದು ಕ್ಷೇಮ.