ಫೈಲ್ ತೆರೆದರೆ ಸಾಲದು, ಓದಲೂ ಬರಬೇಕು

ಉತಾರ ಬೇಕೆಂದರೆ ತಲಾಠಿಯವರನ್ನು ಹುಡುಕಿಕೊಂಡು ಚಾವಡಿಗೆ ಹೋಗಬೇಕಿತ್ತು ಎಂದು ನಮ್ಮ ಹುನ್ನೂರಿನ ಹಿರಿಯರು ಈಗಲೂ ನೆನೆಯುತ್ತಾರೆ. ಈಗ ಉತಾರವಷ್ಟೇ ಅಲ್ಲ; ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಪರೀಕ್ಷೆಯ ಹಾಲ್ ಟಿಕೆಟ್, ನೇಮಕಾತಿ ಅಧಿಸೂಚನೆ, ಸಾಲಿ ಪುಸ್ತಕ, ಕೊನೆಗೆ ಲಗ್ನಪತ್ರಿಕೆ ಕೂಡ ಒಂದೇ ವೇಷದಲ್ಲಿ ಬರುತ್ತವೆ. ಆ ವೇಷದ ಹೆಸರು ಪಿಡಿಎಫ್.

ಆದರೆ ಕಾಗದ ಮನೆಯವರೆಗೆ ಬಂದರೂ ಅದನ್ನು ಓದಲು ನಾವು ಮತ್ತೆ ಬೇರೆಯವರ ಬಾಗಿಲಿಗೇ ಹೋಗುತ್ತೇವೆ. ‘ತಮ್ಮಾ, ಇದೊಂದು ಪಿಡಿಎಫ್ ತಗದು ನೋಡೋ, ಏನ್ ಬರದಾರಂತ’ ಎಂದು ಓಣಿಯ ಕಾಕಾಗಳು ಮೊಬೈಲ್ ಹಿಡಿದು ಬರುತ್ತಾರೆ. ಮನೆಯಲ್ಲಿ ಕಂಪ್ಯೂಟರ್ ಇರುವವರೂ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಜೆರಾಕ್ಸ್ ಅಂಗಡಿಗೆ ಓಡುತ್ತಾರೆ. ಅಲ್ಲಿ ಸಾಲು, ಪುಟಕ್ಕಿಷ್ಟು ರೊಕ್ಕ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಮ್ಮ ಆಧಾರ್ ಫೈಲ್ ಆ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಹಾಗೇ ಉಳಿಯುತ್ತದೆ. ನಾಳೆ ಅದನ್ನು ಯಾರು ತೆರೆಯುತ್ತಾರೋ!

ಇಷ್ಟಕ್ಕೂ ಬೇಕಾಗಿರುವುದು ಒಂದು ಪುಟ್ಟ ಸಾಫ್ಟ್‌ವೇರ್. ಅದು ಪುಕ್ಕಟೆ ಸಿಗುತ್ತದೆ. ಹಾಕಲು ಐದು ನಿಮಿಷ, ಕಲಿಯಲು ಒಂದು ಸಂಜೆ ಸಾಕು.

ಮೊದಲು ಪಿಡಿಎಫ್ ಎಲ್ಲಿಂದ ಬಂತು ನೋಡೋಣ. ಅಮೆರಿಕದ ಅಡೋಬಿ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಜಾನ್ ವಾರ್ನಾಕ್ 1991ರಲ್ಲಿ ಒಂದು ಯೋಜನೆ ಬರೆದರು. ಒಂದು ಕಂಪ್ಯೂಟರಿನಲ್ಲಿ ಮಾಡಿದ ಕಾಗದ ಬೇರೆ ಯಾವುದೇ ಕಂಪ್ಯೂಟರಿನಲ್ಲಿ ತೆರೆದರೂ ಅದೇ ಅಕ್ಷರ, ಅದೇ ಗೆರೆ, ಅದೇ ಅಳತೆಯಲ್ಲಿ ಕಾಣಬೇಕು ಎಂಬುದು ಅವರ ಆಸೆ. ಅದರಿಂದ 1993ರಲ್ಲಿ ಪಿಡಿಎಫ್ ಹುಟ್ಟಿತು. ಆರಂಭದಲ್ಲಿ ಓದುವ ಸಾಫ್ಟ್‌ವೇರಿಗೂ ದುಡ್ಡು ಕೊಡಬೇಕಿತ್ತು. ಆಮೇಲೆ ಅದನ್ನು ಪುಕ್ಕಟೆ ಕೊಟ್ಟರು. 2008ರಲ್ಲಿ ಪಿಡಿಎಫ್ ಒಂದು ಅಂತರರಾಷ್ಟ್ರೀಯ ಮಾನಕವಾಯಿತು. ಅಂದರೆ ಇಂದು ಅದು ಒಂದೇ ಕಂಪನಿಯ ಸ್ವತ್ತಲ್ಲ. ಯಾರು ಬೇಕಾದರೂ ಪಿಡಿಎಫ್ ಓದುವ ಸಾಫ್ಟ್‌ವೇರ್ ಬರೆಯಬಹುದು, ಬರೆದಿದ್ದಾರೆ ಕೂಡ.

ಹಾಗಾದರೆ ಯಾವುದನ್ನು ಹಾಕಿಕೊಳ್ಳಬೇಕು? ಬರೀ ನೋಡುವುದಷ್ಟೇ ಆದರೆ ಏನನ್ನೂ ಹಾಕಬೇಕಿಲ್ಲ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಬ್ರೌಸರುಗಳು ತಾವೇ ಪಿಡಿಎಫ್ ತೆರೆಯುತ್ತವೆ. ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಓಪನ್ ವಿತ್’ ಎಂಬಲ್ಲಿ ಬ್ರೌಸರ್ ಆರಿಸಿದರೆ ಮುಗಿಯಿತು, ಇಂಟರ್‌ನೆಟ್ ಕೂಡ ಬೇಡ. ಕಂಪ್ಯೂಟರ್ ಹಳೆಯದಾಗಿ ಬ್ರೌಸರೇ ಏದುಸಿರು ಬಿಡುತ್ತಿದ್ದರೆ ಸುಮಾತ್ರಾ ಪಿಡಿಎಫ್ ಒಳ್ಳೆಯದು. ವಿಂಡೋಸ್‌ಗೆಂದೇ ಮಾಡಿದ ಈ ಸಾಫ್ಟ್‌ವೇರ್ ಕೆಲವೇ ಎಂಬಿ ತೂಗುತ್ತದೆ, ಪೆನ್‌ಡ್ರೈವ್‌ನಲ್ಲಿಟ್ಟುಕೊಂಡೂ ನಡೆಸಬಹುದು. ಇ-ಪಬ್, ಡೇಜಾವೂ ಎಂಬ ಇ-ಪುಸ್ತಕಗಳನ್ನೂ ತೆರೆಯುತ್ತದೆ. ನೀವು ಓದಿ ನಿಲ್ಲಿಸಿದ ಪುಟವನ್ನು ನೆನಪಿಟ್ಟುಕೊಂಡು ಮರುದಿನ ಅಲ್ಲಿಂದಲೇ ತೋರಿಸುತ್ತದೆ.

ಒಕ್ಯುಲರ್ ಇನ್ನೊಂದು. ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ನಡೆಯುತ್ತದೆ, ಓದುತ್ತಾ ಗೆರೆ ಎಳೆಯಲು, ಟಿಪ್ಪಣಿ ಬರೆಯಲು ಬರುತ್ತದೆ. ಜರ್ಮನಿಯಲ್ಲಿ ಪರಿಸರಸ್ನೇಹಿ ವಸ್ತುಗಳಿಗೆ ‘ಬ್ಲೂ ಏಂಜೆಲ್’ ಎಂಬ ಮುದ್ರೆ ಕೊಡುತ್ತಾರೆ. 2022ರಲ್ಲಿ ಆ ಮುದ್ರೆ ಪಡೆದ ಮೊದಲ ಸಾಫ್ಟ್‌ವೇರ್ ಇದೇ. ಕಡಿಮೆ ಕರೆಂಟು ಬೇಡುವ, ಹಳೆಯ ಕಂಪ್ಯೂಟರನ್ನು ಗುಜರಿಗೆ ಹೋಗಲು ಬಿಡದ ಸಾಫ್ಟ್‌ವೇರ್ ನಮ್ಮಂಥ ಊರುಗಳಿಗೆ ಹೇಳಿ ಮಾಡಿಸಿದಂತಿದೆ ಅಲ್ಲವೇ? ಇನ್ನು ಎಲ್ಲರಿಗೂ ಗೊತ್ತಿರುವ ಅಡೋಬಿಯ ರೀಡರ್. ಗಾತ್ರದಲ್ಲಿ ಭಾರಿ, ಆದರೆ ಮುಂದೆ ಹೇಳುವ ಒಂದು ಕೆಲಸಕ್ಕೆ ಬೇಕಾಗುತ್ತದೆ.

ಹಾಕುವಾಗ ಎಚ್ಚರ ಮುಖ್ಯ. ‘ಪಿಡಿಎಫ್ ರೀಡರ್’ ಎಂದು ಹುಡುಕಿದರೆ ಮೊದಲು ಬರುವುದು ಜಾಹೀರಾತುಗಳು. ದೊಡ್ಡ ಹಸಿರು ಡೌನ್‌ಲೋಡ್ ಗುಂಡಿ ಕಂಡ ತಕ್ಷಣ ಒತ್ತಬೇಡಿ. ಆಯಾ ಸಾಫ್ಟ್‌ವೇರಿನ ಸ್ವಂತ ಜಾಲತಾಣಕ್ಕೇ ಹೋಗಿ. ಹಾಕುವಾಗ ಬೇರೆ ಸಾಫ್ಟ್‌ವೇರನ್ನೂ ಜೊತೆಗೆ ತರುವ ಟಿಕ್ ಗುರುತುಗಳಿದ್ದರೆ ತೆಗೆದುಹಾಕಿ. ಇನ್ನೊಂದು ಮಾತು: ಪಿಡಿಎಫ್ ಫೈಲಿನ ಹೆಸರು ‘ಪಿಡಿಎಫ್’ ಎಂದೇ ಮುಗಿಯಬೇಕು. ‘ಪಿಡಿಎಫ್’ ಆದ ಮೇಲೆ ಒಂದು ಚುಕ್ಕಿ, ‘ಇಎಕ್ಸ್‌ಇ’ ಎಂದಿದ್ದರೆ ಅದು ಕಾಗದವಲ್ಲ, ಕಂಪ್ಯೂಟರಿನೊಳಗೆ ನುಗ್ಗುವ ಪ್ರೋಗ್ರಾಂ. ವಿಂಡೋಸ್ ಈ ಬಾಲವನ್ನು ಮುಚ್ಚಿಡುತ್ತದೆ. ಫೋಲ್ಡರಿನ ‘ವ್ಯೂ’ ಪಟ್ಟಿಗೆ ಹೋಗಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಟಿಕ್ ಹಾಕಿದರೆ ಕಾಣುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆ ಎಂದು ‘ಎಪಿಕೆ’ ಫೈಲ್ ಕಳಿಸಿ ಬ್ಯಾಂಕಿನ ಖಾತೆ ಖಾಲಿ ಮಾಡುವ ಮೋಸ ಈಚೆಗೆ ದೇಶದ ತುಂಬ ನಡೆದಿದೆ. ಲಗ್ನಪತ್ರಿಕೆ ನೋಡಲು ಯಾವ ಆ್ಯಪನ್ನೂ ಹೊಸದಾಗಿ ಹಾಕಿಕೊಳ್ಳಬೇಕಿಲ್ಲ ಎಂದು ಮನೆಯಲ್ಲಿ ಅವ್ವನಿಗೂ ಅಪ್ಪನಿಗೂ ಹೇಳಿಡಿ.

ಸಾಫ್ಟ್‌ವೇರ್ ಹಾಕಿದ್ದಾಯಿತು. ಈಗ ಆಧಾರ್ ಫೈಲ್ ತೆರೆದರೆ ಅದು ಪಾಸ್‌ವರ್ಡ್ ಕೇಳುತ್ತದೆ. ‘ಇದಕ್ಕ ಓಟಿಪಿ ಹಾಕೂದೇನ್?’ ಎಂದು ಕೇಳುವವರೇ ಹೆಚ್ಚು. ಅಲ್ಲ. ಆಧಾರಿನಲ್ಲಿ ಇರುವಂತೆ ಇಂಗ್ಲಿಷ್ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರ, ಆಮೇಲೆ ಹುಟ್ಟಿದ ಇಸವಿ. ಬಸಪ್ಪ ಎಂಬುವರು 1968ರಲ್ಲಿ ಹುಟ್ಟಿದ್ದರೆ ಬಿ, ಎ, ಎಸ್, ಎ, ನಂತರ 1968. ಹನ್ನೆರಡು ಅಂಕಿ ಪೂರ್ತಿ ಬೇಡದ ಕಡೆ ಕೊಡಲು ‘ಮಾಸ್ಕ್ಡ್ ಆಧಾರ್’ ಇಳಿಸಿಕೊಳ್ಳಬಹುದು. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಅನಿವಾರ್ಯವಾಗಿ ಅಂಗಡಿಯಲ್ಲಿ ತೆರೆದಿರಾ? ಹೊರಡುವ ಮುಂಚೆ ಫೈಲನ್ನು ಆರಿಸಿ ಶಿಫ್ಟ್ ಮತ್ತು ಡಿಲೀಟ್ ಗುಂಡಿ ಒಟ್ಟಿಗೆ ಒತ್ತಿಸಿ.

ಅದೇ ಆಧಾರ್ ಫೈಲನ್ನು ಅಡೋಬಿಯ ರೀಡರಿನಲ್ಲಿ ತೆರೆದರೆ ಸಹಿಯ ಜಾಗದಲ್ಲಿ ಹಳದಿ ಪ್ರಶ್ನೆಚಿಹ್ನೆ ಕಾಣಬಹುದು. ‘ಇದು ಡೂಪ್ಲಿಕೇಟ್ ಐತಿ’ ಎಂದು ಗಾಬರಿಯಾಗುವುದು ಸಹಜ. ಅದರ ಅರ್ಥ ಕಾಗದ ಸುಳ್ಳು ಎಂದಲ್ಲ. ಸಹಿ ಮಾಡಿದವರು ಯಾರೆಂದು ಈ ಕಂಪ್ಯೂಟರಿಗೆ ಇನ್ನೂ ಪರಿಚಯವಿಲ್ಲ ಎಂದಷ್ಟೇ. ಸರ್ಕಾರಿ ತಾಣದಿಂದ ನೀವೇ ಇಳಿಸಿಕೊಂಡ ಫೈಲ್ ಆಗಿದ್ದರೆ, ಸಹಿಯ ಮೇಲೆ ಬಲಗುಂಡಿ ಒತ್ತಿ ವಿವರಕ್ಕೆ ಹೋಗಿ, ಪ್ರಮಾಣಪತ್ರಗಳ ಸಾಲಿನ ಮೇಲ್ತುದಿಯಲ್ಲಿ ‘ಸಿಸಿಎ ಇಂಡಿಯಾ’ ಎಂದಿದೆಯೇ ನೋಡಿ. ಇದ್ದರೆ ಅದನ್ನು ನಂಬಿಗಸ್ತರ ಪಟ್ಟಿಗೆ ಸೇರಿಸಿ ಮತ್ತೆ ಪರೀಕ್ಷಿಸಿದರೆ ಪ್ರಶ್ನೆಚಿಹ್ನೆ ಹೋಗಿ ಹಸಿರು ಟಿಕ್ ಬರುತ್ತದೆ. ಇಂಥ ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಆ ಸಹಿ ಬದುಕಿರುವುದು ಫೈಲಿನಲ್ಲೇ ಹೊರತು ಪ್ರಿಂಟಿನಲ್ಲಿ ಅಲ್ಲ. ಆದ್ದರಿಂದ ಪ್ರಿಂಟ್ ತೆಗೆದ ಮೇಲೂ ಮೂಲ ಫೈಲನ್ನು ಜೋಪಾನವಾಗಿಡಿ.

ಉತಾರದ ವಿಷಯಕ್ಕೆ ಬರೋಣ. ಕಬ್ಬು ಬೆಳೆಯುವ ನಮ್ಮ ಸೀಮೆಯಲ್ಲಿ ಬೆಳೆಸಾಲಕ್ಕೆ ಅದಿಲ್ಲದೆ ಆಗದು. ಅದರ ಅಕ್ಷರ ಎಷ್ಟು ಸಣ್ಣದೆಂದರೆ ಪ್ರಿಂಟಿನಲ್ಲಿ ಓದಲು ಅಜ್ಜನ ಚಷ್ಮಾ ಸಾಲುವುದಿಲ್ಲ. ಪರದೆಯ ಮೇಲಾದರೆ ಕಂಟ್ರೋಲ್ ಜೊತೆ ಪ್ಲಸ್ ಒತ್ತುತ್ತಾ ಹೋದರೆ ಅಕ್ಷರ ಬೆರಳಿನಷ್ಟಾಗುತ್ತದೆ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ ನೋಡಿ. ಹನ್ನೊಂದನೇ ಕಾಲಂನಲ್ಲಿ ಇತರ ಹಕ್ಕುಗಳು, ಋಣಗಳು. ನಮ್ಮ ಕಡೆ ಹೇಳುವ ಬೋಜಾ ಇರುವುದು ಅಲ್ಲೇ. ಸಾಲ ತೀರಿಸಿದ ಮೇಲೂ ಬೋಜಾ ಇಳಿಯದೆ ಉಳಿದಿದ್ದರೆ, ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ, ಅದು ಬ್ಯಾಂಕಿನ ಕೌಂಟರಿನ ಮುಂದೆ ಗೊತ್ತಾಗುವುದಕ್ಕಿಂತ ಮನೆಯಲ್ಲಿ ಗೊತ್ತಾಗುವುದು ಎಷ್ಟೋ ಮೇಲು. ನಮ್ಮ ಓಣಿಯ ಕಾಕಾ ಒಬ್ಬರು ತಮ್ಮ ಹೊಲದ ಉತಾರವನ್ನು ಪರದೆಯ ಮೇಲೆ ದೊಡ್ಡದಾಗಿ ನೋಡಿ, ‘ಇಷ್ಟು ವರ್ಷ ಇದರಾಗ ಏನೈತಿ ಅಂತ ಮಂದಿ ಹೇಳಿದ್ದ ಕೇಳಿನಿ, ನಾನs ಓದಿದ್ದು ಇವತ್ತ’ ಎಂದರು. ಸಾಲಿ ಕಲಿತವರೇ ಅವರು. ಅಕ್ಷರ ಕಾಣುತ್ತಿರಲಿಲ್ಲ, ಅಷ್ಟೇ.

ವಿದ್ಯಾರ್ಥಿಗಳಿಗೂ ಇದರಿಂದ ಉಪಯೋಗ ಕಡಿಮೆಯಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘ ತನ್ನ ಪುಸ್ತಕಗಳನ್ನು ಪಿಡಿಎಫ್ ಆಗಿ ಜಾಲತಾಣದಲ್ಲಿ ಇಟ್ಟಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಆರರಿಂದ ಹತ್ತನೇ ತರಗತಿಯ ಸಮಾಜ ವಿಜ್ಞಾನವನ್ನೆಲ್ಲ ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು. ಪೂರ್ತಿ ಪ್ರಿಂಟ್ ಬೇಡ. ಪ್ರಿಂಟ್ ಪೆಟ್ಟಿಗೆಯಲ್ಲಿ ‘ಪೇಜಸ್’ ಎಂಬಲ್ಲಿ 42-45 ಎಂದು ಬರೆದರೆ ಆ ನಾಲ್ಕೇ ಪುಟ ಬರುತ್ತವೆ. ಅಧಿಸೂಚನೆಯ ಐವತ್ತು ಪುಟಗಳಲ್ಲಿ ನಮ್ಮ ಜಿಲ್ಲೆಯ ಹುದ್ದೆ ಹುಡುಕಲು ಕಂಟ್ರೋಲ್ ಮತ್ತು ಎಫ್ ಒತ್ತಿ ‘ಬಾಗಲಕೋಟೆ’ ಎಂದು ಬರೆದರಾಯಿತು.

ಆದರೆ ಅನೇಕ ಸಲ ಇಲ್ಲಿಯೇ ಎಡವುತ್ತೇವೆ. ಕಣ್ಣೆದುರಿಗೆ ‘ಬಾಗಲಕೋಟೆ’ ಇರುತ್ತದೆ, ಸಾಫ್ಟ್‌ವೇರ್ ಮಾತ್ರ ‘ಇಲ್ಲ’ ಎನ್ನುತ್ತದೆ. ದೋಷ ಸಾಫ್ಟ್‌ವೇರಿನದಲ್ಲ. ಕನ್ನಡದ ಪಿಡಿಎಫ್‌ಗಳಲ್ಲಿ ಮೂರು ಜಾತಿ ಇವೆ.

ಮೊದಲನೆಯದು ಬರೀ ಚಿತ್ರ. ಪುಟಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿದ್ದು. ನಮ್ಮ ನೆರೆಯ ಮುಧೋಳದ ಕವಿ ರನ್ನನ ‘ಗದಾಯುದ್ಧ’ವನ್ನು ಇಂಟರ್‌ನೆಟ್ ಆರ್ಕೈವ್‌ನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಅಲ್ಲಿರುವುದು ಹಳೆಯ ಪುಸ್ತಕದ ಪುಟಗಳ ಫೋಟೊ. ನಮಗೆ ಪದ್ಯ ಕಾಣುತ್ತದೆ, ಕಂಪ್ಯೂಟರಿಗೆ ಕಾಣುವುದು ಕಪ್ಪು ಮಚ್ಚೆ ಮಾತ್ರ. ಟೆಸರ್ಯಾಕ್ಟ್‌ನಂಥ ಪುಕ್ಕಟೆ ಸಾಫ್ಟ್‌ವೇರುಗಳು ಇಂಥ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಗುರುತಿಸುತ್ತವೆ, ಆಮೇಲೆ ನಾವು ತಪ್ಪು ತಿದ್ದಿಕೊಳ್ಳಬೇಕು.

ಎರಡನೆಯದು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು. ಕಂಪ್ಯೂಟರಿಗೆ ಕನ್ನಡ ಬಾರದಿದ್ದ ದಿನಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ನಡೆಸಿದರು. ಆ ಜಾಣತನದಿಂದಲೇ ಕಂಪ್ಯೂಟರಿನಲ್ಲಿ ಕನ್ನಡ ಬೆಳೆಯಿತು, ಅದನ್ನು ಮರೆಯುವಂತಿಲ್ಲ. ಆದರೆ ಇಂಥ ಪಿಡಿಎಫ್‌ನಿಂದ ‘ಕನ್ನಡ’ ಎಂಬ ಪದವನ್ನೇ ಕಾಪಿ ಮಾಡಿ ನೋಡಿ: ಇಂಗ್ಲಿಷಿನ ಪಿ, ಬ್ರಿಟಿಷ್ ಪೌಂಡಿನ ಗುರುತು, ತಲೆಯ ಮೇಲೆ ಗೀಟು ಹೊತ್ತ ಎ ಸಾಲಾಗಿ ಬಂದು ನಿಲ್ಲುತ್ತವೆ. ಹೊರಗೆ ಕನ್ನಡದ ಅಂಗಿ, ಒಳಗೆ ಇಂಗ್ಲಿಷ್.

ಮೂರನೆಯದು ಯುನಿಕೋಡ್. ಇದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, 1991ರ ಮೊದಲ ಆವೃತ್ತಿಯಿಂದಲೂ ಇದೆ. ಹುಡುಕಿದರೆ ಸಿಗುವ ಸಾಧ್ಯತೆ ಹೆಚ್ಚು. ಪಿಡಿಎಫ್ ಅಕ್ಷರಕ್ಕಿಂತ ಅದರ ಆಕಾರಕ್ಕೇ ಹೆಚ್ಚು ಬೆಲೆ ಕೊಡುವುದರಿಂದ ಒತ್ತಕ್ಷರಗಳು ಕೆಲವೊಮ್ಮೆ ಹಿಂದೆ ಮುಂದೆ ಆಗುತ್ತವೆ. ಆದರೂ ಮೊದಲೆರಡಕ್ಕಿಂತ ಇದು ಸಾವಿರ ಪಾಲು ಮೇಲು.

‘ಕಣ್ಣಿಗೆ ಕಂಡರೆ ಸಾಕಲ್ಲ, ಒಳಗೆ ಏನಿದ್ದರೇನು?’ ಎಂದು ಕೇಳಬಹುದು. ಕಣ್ಣು ಕಾಣದವರನ್ನು ನೆನೆಸಿಕೊಳ್ಳಿ. ನನ್ನ ಪರಿಚಯದ ಹುಡುಗನೊಬ್ಬನಿಗೆ ದೃಷ್ಟಿಯಿಲ್ಲ, ಡಿಗ್ರಿ ಓದುತ್ತಿದ್ದಾನೆ. ಅವನ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಇದೆ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಪುಕ್ಕಟೆ ಸಾಫ್ಟ್‌ವೇರ್ ಅದು. ಅದರ ಜೊತೆಗೇ ಬರುವ ಇ-ಸ್ಪೀಕ್ ಎಂಬ ದನಿಗೆ ಕನ್ನಡವೂ ಬರುತ್ತದೆ. ಇಂಗ್ಲಿಷ್ ನೋಟ್ಸನ್ನು ಅವನು ನಮಗಿಂತ ಬೇಗ ಓದಿ ಮುಗಿಸುತ್ತಾನೆ. ಕನ್ನಡದ ನೋಟ್ಸ್ ಬಂದಾಗ ಮಾತ್ರ ಲ್ಯಾಪ್‌ಟಾಪ್ ‘ಪಿ, ಪೌಂಡ್, ಎ’ ಎಂದು ತೊದಲುತ್ತದೆ, ಸ್ಕ್ಯಾನ್ ಪುಟ ಬಂದರೆ ಸುಮ್ಮನಾಗುತ್ತದೆ. ತಾಯಿನುಡಿಯ ಪುಸ್ತಕವನ್ನೇ ಅವನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕು. ‘ನನಗ ಇಂಗ್ಲಿಷ್ ಸರಳ, ಕನ್ನಡ ಅವಘಡ’ ಎಂದು ಅವನು ನಗುತ್ತಾ ಹೇಳಿದಾಗ ನಮಗೆ ನಗು ಬರಲಿಲ್ಲ.

ಇದನ್ನು ಸರಿಪಡಿಸಲು ದೊಡ್ಡ ಯೋಜನೆ ಬೇಕಿಲ್ಲ. ನೋಟ್ಸ್, ಕಾಲೇಜಿನ ಸೂಚನೆ, ಸಂಘದ ಪತ್ರ, ಯುವಕ ಮಂಡಳದ ಕರಪತ್ರ ಇವನ್ನೆಲ್ಲ ಟೈಪ್ ಮಾಡುವವರು ನಾವೇ, ಯುವಕರೇ. ನುಡಿ, ಬರಹ ಎರಡರಲ್ಲೂ ಯುನಿಕೋಡ್ ಆಯ್ಕೆ ಇದೆ. ಅದೇ ಕೀಲಿಮಣೆ, ಅದೇ ಬೆರಳು, ಆಯ್ಕೆ ಮಾತ್ರ ಬೇರೆ. ಹಳೆಯ ಫಾಂಟಿನಲ್ಲಿರುವ ಬರಹವನ್ನು ಯುನಿಕೋಡಿಗೆ ಬದಲಿಸುವ ಪುಕ್ಕಟೆ ಪರಿವರ್ತಕಗಳೂ ಇವೆ. ಮೊಬೈಲಿನಲ್ಲಿ ಫೋಟೊ ಹೊಡೆದು ಪಿಡಿಎಫ್ ಮಾಡುವ ಮುಂಚೆ, ಟೈಪ್ ಮಾಡಿದ ಮೂಲ ಫೈಲ್ ಸಿಗುತ್ತದೆಯೇ ಎಂದು ಒಮ್ಮೆ ಕೇಳಿ.

ಬರುವ ಭಾನುವಾರ ನಿಮ್ಮ ಮನೆಯ ಕಂಪ್ಯೂಟರಿಗೆ ಒಂದು ಒಳ್ಳೆಯ ಪಿಡಿಎಫ್ ರೀಡರ್ ಹಾಕಿ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉತಾರ ತೆರೆಯಿರಿ. ಮೌಸನ್ನು ಅವರ ಕೈಗೇ ಕೊಡಿ. ಹನ್ನೊಂದನೇ ಕಾಲಂ ಅನ್ನು ಅವರೇ ಹಿಗ್ಗಿಸಿ ಓದಲಿ.