ತಟ್ಟೆ ಬೇರೆಯಾಗದಿರಲಿ

ಪ್ರತಿ ಭಾನುವಾರ ಬೆಳಗಿನ ಬಲಿಪೂಜೆಗೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಹಿರಿಯರೊಬ್ಬರು ಬಾಗಿಲ ಬಳಿಯ ಕೊನೆಯ ಬೆಂಚಿಗೆ ಸರಿದದ್ದನ್ನು ನಾವು ಗಮನಿಸಿದ್ದೆವು. ಭಕ್ತರು ಪರಮಪ್ರಸಾದಕ್ಕೆ ಸಾಲುಗಟ್ಟುವ ಹೊತ್ತಿಗೆ ಅವರು ಹೊರಗೆ ನಡೆದುಬಿಡುತ್ತಿದ್ದರು. ಯಾರೊಡನೆಯೋ ಮನಸ್ತಾಪವಿರಬೇಕೆಂದು ಎಣಿಸಿ, ಒಂದು ಸಂಜೆ ಅವರ ಮನೆಗೆ ಹೋದೆವು. ಅಡುಗೆಮನೆಯ ಕಿಟಕಿಯ ಅಂಚಿನಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಮಾತ್ರ ಪ್ರತ್ಯೇಕವಾಗಿದ್ದವು. ನಮ್ಮ ದೃಷ್ಟಿ ಅತ್ತ ಹೋದದ್ದನ್ನು ಕಂಡು ಅವರೇ ಹೇಳಿದರು: “ಅದು ನನ್ನದು, ಗುರುಗಳೇ. ಯಾರೂ ಬೇರೆ ಇಡಲಿಲ್ಲ. ನಾನೇ ಇಟ್ಟುಕೊಂಡೆ.”

ಸಂಬಂಧಿಕರೊಬ್ಬರ ಶಸ್ತ್ರಚಿಕಿತ್ಸೆಗೆಂದು ರಕ್ತ ಕೊಡಲು ಹೋದಾಗ, ತಮ್ಮ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆಯೆಂದು ಅವರಿಗೆ ತಿಳಿದುಬಂದಿತ್ತು. ಮಧುಮೇಹ ಮೊದಲೇ ಇತ್ತು. ಮುಂದಿನ ಪರೀಕ್ಷೆಗಳಲ್ಲಿ ಯಕೃತ್ತಿನಲ್ಲಿ ಕೊಬ್ಬು ಸೇರಿರುವುದೂ ಮೂತ್ರಪಿಂಡಗಳು ಬಲಗುಂದುತ್ತಿರುವುದೂ ಗೊತ್ತಾದವು. ಮಂಡಿನೋವಂತೂ ಹಳೆಯ ಸಂಗಾತಿ. “ಒಂದು ಕಾಯಿಲೆಯಾದರೆ ಅದರೊಡನೆ ಹೋರಾಡಬಹುದು. ಈಗ ನಾನು ಮನುಷ್ಯನಲ್ಲ ಗುರುಗಳೇ, ನಾಲ್ಕು ಫೈಲುಗಳ ಕಟ್ಟು” ಎಂದರು. ಅವರ ಅನುಮತಿ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇವೆ.

ನಮ್ಮದೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆ ಸಂಜೆ ಅವರ ಮನೆಯವರು ಕಾಫಿ ತಂದಿಟ್ಟಾಗ ಲೋಟಕ್ಕೆ ಕೈಹಾಕಲು ನಾವು ಒಂದು ಕ್ಷಣ ತಡೆದೆವು. ಅವರು ಅದನ್ನು ನೋಡಿದರು. ತರ್ಕಶಾಸ್ತ್ರವನ್ನು ವರ್ಷಗಟ್ಟಲೆ ಅಭ್ಯಸಿಸಿದ ನಮಗೇ ಅರೆಬರೆ ತಿಳಿವಳಿಕೆಯಿಂದ ಹುಟ್ಟಿದ ಭಯ ಹೀಗೆ ಕೈ ಹಿಡಿಯುವುದಾದರೆ, ಉಳಿದವರನ್ನು ದೂರುವುದು ಹೇಗೆ? ಮರುದಿನವೇ ಪರಿಚಿತ ವೈದ್ಯರೊಬ್ಬರನ್ನು ಕಂಡು ವಿಷಯವನ್ನು ಸರಿಯಾಗಿ ಕೇಳಿ ತಿಳಿದುಕೊಂಡೆವು.

ಈ ವೈರಸ್ ಹರಡುವುದು ರಕ್ತ ಹಾಗೂ ಕೆಲವು ದೇಹದ್ರವಗಳ ಮೂಲಕ: ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ, ಶುದ್ಧಗೊಳಿಸದ ಸೂಜಿ ಅಥವಾ ಕ್ಷೌರದ ಬ್ಲೇಡಿನಿಂದ, ರಕ್ಷಣೆಯಿಲ್ಲದ ದೇಹಸಂಪರ್ಕದಿಂದ. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದಾಗಲಿ, ತಟ್ಟೆ ಲೋಟಗಳಿಂದಾಗಲಿ, ಕೈ ಹಿಡಿಯುವುದರಿಂದಾಗಲಿ, ಮೊಮ್ಮಗುವನ್ನು ಎತ್ತಿ ಮುದ್ದಾಡುವುದರಿಂದಾಗಲಿ ಹರಡುವುದಿಲ್ಲ. ಬೇರೆ ಇಡಬೇಕಾದದ್ದು ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿಸುವ ಸಾಧನ, ಸಕ್ಕರೆ ಪರೀಕ್ಷೆಯ ಸೂಜಿ, ತಟ್ಟೆಯಲ್ಲ. ಮನೆಯವರೆಲ್ಲರೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಂಡರೆ ಮುಗಿಯಿತು. ಹುಟ್ಟುವ ಕೂಸಿಗೆ ಮೊದಲ ಲಸಿಕೆ 24 ಗಂಟೆಗಳೊಳಗೆ ಬೀಳಬೇಕು.

ಆದರೆ ಅವರನ್ನು ಬಾಧಿಸುತ್ತಿದ್ದದ್ದು ವೈರಸ್ಸಿಗಿಂತ ಹೆಚ್ಚಾಗಿ ಲಜ್ಜೆ. “ಇದು ಎಲ್ಲಿಂದ ಬಂತೆಂದು ಜನ ಕೇಳಿದರೆ ನನ್ನ ಮಗಳ ಸಂಬಂಧ ನಿಂತುಹೋಗುತ್ತದೆ” ಎಂಬುದು ಅವರ ಅಳಲು. ಇಲ್ಲಿ ಸತ್ಯವೇ ಮದ್ದು. ಬೆಳೆದ ಮೇಲೆ ಸೋಂಕು ತಗುಲಿದವರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಅದು ದೀರ್ಘಕಾಲ ಉಳಿಯುತ್ತದೆ. ಹಸುಗೂಸಿನಲ್ಲಿ ತಗುಲಿದರೆ ನೂರಕ್ಕೆ ಸುಮಾರು ತೊಂಬತ್ತೈದರಲ್ಲಿ ಉಳಿಯುತ್ತದೆ. ಎಂದರೆ, ಇಂದು ಈ ರೋಗದೊಡನೆ ಬದುಕುತ್ತಿರುವ ಅನೇಕ ಹಿರಿಯರು ಅದನ್ನು ತೊಟ್ಟಿಲಿನಿಂದಲೇ ಹೊತ್ತು ತಂದವರು. ಆಗ ಲಸಿಕೆ ಇರಲಿಲ್ಲ; ಹೆತ್ತ ತಾಯಿಗೂ ತಿಳಿದಿರಲಿಲ್ಲ. ಇಂತಹವರ ನಡತೆಯ ಮೇಲೆ ಸಂಶಯದ ಬೆರಳು ತೋರುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ 25 ಕೋಟಿ 40 ಲಕ್ಷ ಜನರು ಈ ದೀರ್ಘಕಾಲಿಕ ಸೋಂಕಿನೊಡನೆ ಬದುಕುತ್ತಿದ್ದರು. ಭಾರತದಲ್ಲೇ ಅವರ ಸಂಖ್ಯೆ ಸುಮಾರು ಮೂರು ಕೋಟಿ.

ಹಲವು ವ್ಯಾಧಿಗಳು ಒಟ್ಟಿಗೆ ಬಂದಾಗ ಮನಸ್ಸು ಯಾವುದಕ್ಕೆಂದು ಅಳಬೇಕು? 13ನೆಯ ಶತಮಾನದ ಮಹಾ ದಾರ್ಶನಿಕ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೊಲೊಜಿಯೆ’ ಗ್ರಂಥದಲ್ಲಿ ದುಃಖಕ್ಕೆ ಐದು ಪರಿಹಾರಗಳನ್ನು ವಿಚಾರಿಸಿದ್ದಾರೆ: ಸಂತೋಷ, ಕಣ್ಣೀರು, ಸ್ನೇಹಿತರ ಸಹಾನುಭೂತಿ, ಸತ್ಯದ ಚಿಂತನೆ, ಕೊನೆಯದಾಗಿ ನಿದ್ರೆ ಮತ್ತು ಸ್ನಾನ. ಗುರುಮಠದಲ್ಲಿ ಇದನ್ನು ಓದಿದಾಗ, ಅಷ್ಟು ದೊಡ್ಡ ದಾರ್ಶನಿಕರು ಸ್ನಾನದ ಮಾತೆತ್ತಿದ್ದನ್ನು ಕಂಡು ನಾವು ನಕ್ಕಿದ್ದೆವು. ರೋಗಿಗಳ ಮನೆಗಳಲ್ಲಿ ಕುಳಿತೆದ್ದ ಮೇಲೆ ಆ ನಗು ಉಳಿದಿಲ್ಲ. ಮನಸ್ಸು ದೇಹದಲ್ಲೇ ನೆಲೆಸಿದೆ; ಬೆಚ್ಚನೆಯ ನೀರು, ಹೊತ್ತಿಗೆ ಸರಿಯಾದ ನಿದ್ರೆ ಇವೂ ದೇವರ ಕೊಡುಗೆಗಳೇ.

ಕಣ್ಣೀರನ್ನು ತಡೆಯಬೇಡಿರಿ. ಒಳಗೇ ಮುಚ್ಚಿಟ್ಟ ನೋವು ಹೆಚ್ಚು ಘಾಸಿಗೊಳಿಸುತ್ತದೆ ಎಂಬುದು ಆ ಸಂತರ ವಿವೇಚನೆ. ಅಳುವುದು ವಿಶ್ವಾಸದ ಕೊರತೆಯಲ್ಲ. ಲಾಜರನ ಸಮಾಧಿಯ ಬಳಿ ಪ್ರಭು ಯೇಸುವೇ ಕಣ್ಣೀರಿಟ್ಟರು. ಗೆತ್ಸೆಮನಿ ತೋಪಿನಲ್ಲಿ ಆ ಪಾತ್ರೆಯು ತಮ್ಮಿಂದ ದೂರವಾಗಲೆಂದು ಬೇಡಿದರು. ಜೊತೆಗೆ ಎಚ್ಚರವಾಗಿರಿ ಎಂದು ಸ್ನೇಹಿತರನ್ನೂ ಕೇಳಿಕೊಂಡರು. ದೇವಕುಮಾರರಿಗೇ ಸಂಗಡಿಗರು ಬೇಕಾಗಿದ್ದಾಗ, ತನಗೆ ಯಾರೂ ಬೇಡವೆಂದು ಕೊನೆಯ ಬೆಂಚಿಗೆ ಸರಿಯುವುದೇಕೆ? ಎಲ್ಲರಿಗೂ ಹೇಳಿಕೊಳ್ಳಬೇಕೆಂದಲ್ಲ. ಬಾಳಸಂಗಾತಿ, ವೈದ್ಯರು, ನಂಬಿಕೆಯ ಒಬ್ಬ ಸ್ನೇಹಿತ, ಇಷ್ಟು ಜನರಿಗೆ ತಿಳಿದಿದ್ದರೆ ಹೊರೆ ಅರ್ಧವಾಗುತ್ತದೆ.

ಸಂತೋಷವೆಂದರೆ ಮದ್ಯವಲ್ಲ. ಯಕೃತ್ತಿಗೆ ಸೋಂಕಿರುವವರಿಗೆ ಕ್ರಿಸ್ಮಸ್‌ಗೆಂದು ಮನೆಯಲ್ಲಿ ಮಾಡಿದ ದ್ರಾಕ್ಷಾರಸವೂ ಬೇಡ, ಬಂಧುಗಳು ಒತ್ತಾಯಿಸಲೂಬಾರದು. ಸಂಜೆಯ ನಡಿಗೆ, ಗಾಯನವೃಂದದ ಅಭ್ಯಾಸ, ತೋಟದ ಎರಡು ಗಿಡ, ಮೊಮ್ಮಕ್ಕಳ ಪಾಠ, ಇವು ಸಾಕಷ್ಟು ದೊಡ್ಡ ಸಂತೋಷಗಳು.

ಇನ್ನು ಸತ್ಯದ ಚಿಂತನೆ. ಅದರಲ್ಲಿ ಮೊದಲನೆಯದು ತನ್ನ ದೇಹದ ಸತ್ಯ. ನಾಲ್ಕು ಫೈಲುಗಳ ಭಯಕ್ಕೆ ಒಂದೇ ಹಾಳೆಯ ಉಪಾಯವನ್ನು ಆ ವೈದ್ಯರು ಸೂಚಿಸಿದರು: ಎಲ್ಲ ಕಾಯಿಲೆಗಳ ಹೆಸರು, ಎಲ್ಲ ಮಾತ್ರೆಗಳ ಹೆಸರು ಒಂದೇ ಹಾಳೆಯಲ್ಲಿರಲಿ, ಪ್ರತಿಯೊಬ್ಬ ವೈದ್ಯರಿಗೂ ಅದನ್ನು ತೋರಿಸಿರಿ. ಕಾರಣವಿದೆ. ವೈರಸ್ಸನ್ನು ಹತೋಟಿಯಲ್ಲಿಡುವ ಕೆಲವು ಔಷಧಿಗಳ ಆಯ್ಕೆ, ಪ್ರಮಾಣ ಮೂತ್ರಪಿಂಡದ ಸ್ಥಿತಿಯನ್ನು ಅವಲಂಬಿಸಿದೆ. ಕೀಲುನೋವಿಗೋ ಉಬ್ಬಸಕ್ಕೋ ಕೊಡುವ ಸ್ಟೀರಾಯ್ಡ್, ಕ್ಯಾನ್ಸರಿನ ಔಷಧಿ ಮುಂತಾದವು ಸುಮ್ಮನಿದ್ದ ವೈರಸ್ಸನ್ನು ಎಬ್ಬಿಸಬಲ್ಲವು. ಕ್ಷಯದ ಕೆಲವು ಮಾತ್ರೆಗಳು ಯಕೃತ್ತಿಗೆ ಭಾರವಾಗಬಹುದು. ಮಧುಮೇಹ ಮತ್ತು ಬೊಜ್ಜು ಯಕೃತ್ತಿನ ಹಾನಿಯನ್ನು ತ್ವರೆಗೊಳಿಸುತ್ತವೆ. ಆದ್ದರಿಂದ ಸಕ್ಕರೆಯ ನಿಯಂತ್ರಣವೂ ಯಕೃತ್ತಿನ ಸೇವೆಯೇ. ಕಾಮಾಲೆಗೆಂದು ಸೊಪ್ಪಿನ ಮದ್ದು ಕೊಡುವವರನ್ನು ನಂಬಿ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ರೋಗ ಉಲ್ಬಣಿಸುವ ಅಪಾಯವಿದೆ.

ಎಲ್ಲ ರೋಗಿಗಳಿಗೂ ಔಷಧಿ ಬೇಕಾಗುವುದಿಲ್ಲ; ಆದರೆ ಎಲ್ಲರಿಗೂ ಕ್ರಮಬದ್ಧ ತಪಾಸಣೆ ಬೇಕು. ರೋಗವನ್ನು ಬೇರುಸಹಿತ ಕೀಳುವ ಮದ್ದು ಸಾಮಾನ್ಯ ಚಿಕಿತ್ಸೆಯಲ್ಲಿ ಇನ್ನೂ ಬಂದಿಲ್ಲ; ಅದನ್ನು ಅಡಗಿಸಿಡುವ ಮದ್ದು ಇದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಿಗದಿತ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿಗಳು ಉಚಿತವಾಗಿ ದೊರೆಯುತ್ತವೆ. ಈ ವೈರಸ್ಸನ್ನು ಗುರುತಿಸಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗರ ಜನ್ಮದಿನವದು.

ದುಃಖವು ವಾರಗಟ್ಟಲೆ ಇಳಿಯದೆ, ನಿದ್ರೆ ಹಸಿವುಗಳು ಕೆಟ್ಟು, ಬದುಕೇ ಬೇಡವೆನಿಸಿದರೆ ಅದನ್ನು ಪಾಪವೆಂದು ಅಡಗಿಸಬೇಡಿರಿ. ಅದೂ ಒಂದು ಕಾಯಿಲೆ, ಅದಕ್ಕೂ ವೈದ್ಯರಿದ್ದಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರವು ಸಾಯುವವರಿಗೆ ಮಾತ್ರವೆಂಬ ಹಳೆಯ ಭಾವನೆಯೂ ತೊಲಗಲಿ. ಗಂಭೀರವಾಗಿ ಅಸ್ವಸ್ಥರಾದವರೆಲ್ಲರೂ ಅದನ್ನು ಪಡೆಯಬಹುದು. ರೋಗ ಹೆಚ್ಚಿದಾಗ ಮತ್ತೆಯೂ ಪಡೆಯಬಹುದು.

ಸಂತ ಪೌಲರು ತಮ್ಮ ದೇಹದ ಮುಳ್ಳನ್ನು ತೆಗೆಯುವಂತೆ ಮೂರು ಬಾರಿ ಬೇಡಿದರು. ಮುಳ್ಳು ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂದಿತು. ನೋವು ಒಳ್ಳೆಯದೆಂದು ನಾವು ಯಾರಿಗೂ ಬೋಧಿಸುವುದಿಲ್ಲ. ಮುಳ್ಳಿದ್ದೂ ಪೌಲರು ನಡೆದರು ಎಂಬುದನ್ನಷ್ಟೇ ನೆನಪಿಸುತ್ತೇವೆ. ಯೋಬನ ಸ್ನೇಹಿತರು ಏಳು ದಿನ ಅವನ ಬಳಿ ಮೌನವಾಗಿ ಕುಳಿತಿದ್ದಷ್ಟು ಕಾಲ ಒಳ್ಳೆಯ ಸ್ನೇಹಿತರಾಗಿದ್ದರು. ಅವನ ತಪ್ಪನ್ನು ಹುಡುಕತೊಡಗಿದಾಗ ಕೆಟ್ಟರು. ರೋಗಿಯ ಮನೆಗೆ ಹೋಗುವವರು ಇದನ್ನು ಮರೆಯದಿರಲಿ.

ಮುಂದಿನ ಬಾರಿ ಆ ಮನೆಗೆ ಹೋದಾಗ ಕಾಫಿಯನ್ನು ನಾವೇ ಕೇಳಿ ಕುಡಿದೆವು. ತಡೆದ ಕೈಗಾಗಿ ಕ್ಷಮೆ ಬೇಡಿದೆವು. ಅವರ ಪತ್ನಿ ಆ ತಟ್ಟೆಯನ್ನು ಎಲ್ಲರ ತಟ್ಟೆಗಳೊಂದಿಗೆ ಜೋಡಿಸಿಟ್ಟರಂತೆ. ಅವರು ಮರುದಿನ ಮತ್ತೆ ಕಿಟಕಿಗೆ ಒಯ್ದಿಟ್ಟರಂತೆ. ಆಕೆ ಮತ್ತೆ ಜೋಡಿಸಿದರಂತೆ. ಹೀಗೆ ಕೆಲವು ದಿನ ನಡೆದು, ಈಗ ತಟ್ಟೆ ಒಳಗೇ ಉಳಿದಿದೆ. ಕಾಯಿಲೆ ಒಂದೂ ಕಡಿಮೆಯಾಗಿಲ್ಲ. ಮೊನ್ನೆ ಭಾನುವಾರ ಅವರು ಪರಮಪ್ರಸಾದದ ಸಾಲಿನ ಕೊನೆಯಲ್ಲಿ ನಿಂತಿದ್ದರು.

ನಮ್ಮ ಧರ್ಮಕೇಂದ್ರಗಳಲ್ಲಿ, ನಮ್ಮ ಮನೆಗಳಲ್ಲಿ ಹೀಗೆ ಬೇರೆಯಾದ ತಟ್ಟೆಗಳು ಇನ್ನೆಷ್ಟಿವೆಯೋ. ಫೆಬ್ರವರಿ 11ರ ವಿಶ್ವ ರೋಗಿಗಳ ದಿನದವರೆಗೆ ಕಾಯಬೇಕಿಲ್ಲ. ಇಂದು ರಾತ್ರಿಯ ಊಟಕ್ಕೇ ಅವನ್ನು ಪಂಕ್ತಿಗೆ ತನ್ನಿರಿ.